ಗಿಟಾರಿನ ಕುತ್ತಿಗೆಗೆ ಸೇರಿಸಿದ ಒಂದು ಇಂಚು

ನನ್ನ ತಂಗಿಯ ಕಿವಿ ಸರಿಯಿಲ್ಲ ಎಂದು ನಮ್ಮ ಮನೆಯಲ್ಲಿ, ಓಣಿಯಲ್ಲಿ, ನಿಪ್ಪಾಣಿಯ ಸಂಗೀತ ಕ್ಲಾಸಿನಲ್ಲಿ ಎಲ್ಲರೂ ನಂಬಿದ್ದರು. ಅವಳೂ ನಂಬಿದ್ದಳು. ಕಿವಿ ಸರಿಯಾಗಿಯೇ ಇದೆ ಎಂದು ಗೊತ್ತಿದ್ದವನು ನಾನೊಬ್ಬನೇ. ನಾನು ಬಾಯಿ ಬಿಡಲಿಲ್ಲ. ಅದನ್ನು ಬರೆದು ಹಗುರಾಗಬೇಕೆಂದು ಕೂತಿದ್ದೇನೆ. ಆದರೆ ತಪ್ಪಿನ ಹತ್ತಿರ ಹೋಗಬೇಕಾದರೆ ಮೊದಲು ಗಿಟಾರಿನ ಹೊಟ್ಟೆಯೊಳಗೆ ಹೋಗಿ, ಆಮೇಲೆ ಅದರ ಕುತ್ತಿಗೆಗೆ ಬರಬೇಕು.

ರಾಯಬಾಗದಿಂದ ಚಿಂಚಲಿಗೆ ಹೋಗುವ ರಸ್ತೆಯಲ್ಲಿ ನಮ್ಮ ಬಡಿಗತನದ ಶೆಡ್ಡು ಇದೆ, ಅದಕ್ಕೆ ಹೊಂದಿಕೊಂಡೇ ಮನೆ. ನಾನು ಓದಿದ್ದು ಏಳನೆಯ ಇಯತ್ತೆ. ತಂಗಿ ಚಿಕ್ಕೋಡಿಯ ಕಾಲೇಜಿನಲ್ಲಿ ಡಿಗ್ರಿ ಮುಗಿಸಿದಳು, ಅಲ್ಲಿಯೇ ಗೆಳತಿಯೊಬ್ಬಳ ಗಿಟಾರಿನ ಮೇಲೆ ನುಡಿಸುವುದನ್ನೂ ಕಲಿತಳು. ಗೆಳತಿಗೆ ಮದುವೆಯಾಯಿತು, ಗಿಟಾರು ಗಂಡನ ಮನೆಗೆ ಹೋಯಿತು. ಅದೇ ಹೊತ್ತಿಗೆ ನಿಪ್ಪಾಣಿಯ ಒಂದು ಇಂಗ್ಲಿಷ್ ಶಾಲೆಯವರು ಸಣ್ಣ ಮಕ್ಕಳಿಗೆ ಗಿಟಾರ್ ಹಿಡಿದು ಹಾಡು ಕಲಿಸುವವರು ಬೇಕು ಎಂದು ಹುಡುಕುತ್ತಿದ್ದರು. ಬಂದು ಒಂದು ಹಾಡು ನುಡಿಸಿ ತೋರಿಸಬೇಕು. ತಂಗಿಗೆ ಆ ಕೆಲಸ ಬೇಕಿತ್ತು, ಬಹಳ ಬೇಕಿತ್ತು. ಮಿರಜಿಗೆ ಹೋಗಿ ಒಂದು ಗಿಟಾರು ಕೊಳ್ಳೋಣ ಎಂದಳು. ನಾನು ಅವಳ ಮೊಬೈಲಿನಲ್ಲಿ ಚಿತ್ರ ನೋಡಿದೆ.

"ಇದೇನ್ ಬೇ, ಕಟ್ಟಿಗಿ ಡಬ್ಬಿ. ಡಬ್ಬಿಗೊಂದು ಹಿಡಿಕಿ. ನಾನ ಮಾಡಿಕೊಡ್ತೀನಿ."

"ಅಣ್ಣಾ, ಇದು ಬಾಗಿಲಾ ಅಲ್ಲ."

"ಬಾಗಿಲಾ ಮಾಡಾವಗ ಇದೇನ್ ದೊಡ್ಡದು?"

ಅವಳು ಎರಡು ದಿನ ಬೇಡ ಎಂದಳು. ಮೂರನೆಯ ದಿನ ಚಿಕ್ಕೋಡಿಯ ಝೆರಾಕ್ಸ್ ಅಂಗಡಿಯಿಂದ ಗಿಟಾರಿನ ನಿಜ ಅಳತೆಯ ನಕ್ಷೆಯನ್ನು ದೊಡ್ಡ ಹಾಳೆಗಳಲ್ಲಿ ಮಾಡಿಸಿಕೊಂಡು ಬಂದಳು. ಒಂದು ಉದ್ದನೆಯ ಪಟ್ಟಿಯ ಮೇಲೆ ಬರೀ ಗೆರೆಗಳಿದ್ದವು. ಕುತ್ತಿಗೆಯ ಮೇಲೆ ಹಿತ್ತಾಳೆ ಬಣ್ಣದ ಅಡ್ಡ ತಂತಿಗಳಿರುತ್ತವಲ್ಲ, ಫ್ರೆಟ್ಟುಗಳು, ಅವು ಎಲ್ಲೆಲ್ಲಿ ಕೂರಬೇಕು ಎನ್ನುವ ಗುರುತು. "ಇದೊಂದು ಮಾತ್ರ ಕೂದಲೆಳಿನೂ ಹೆಚ್ಚು ಕಡಿಮಿ ಆಗಬಾರದು," ಎಂದಳು. ನಾನು ಹೂಂ ಎಂದೆ. ಆ ಪಟ್ಟಿಯನ್ನು ನಾನು ಕೂದಲೆಳೆಯಷ್ಟೂ ಹೆಚ್ಚು ಕಡಿಮೆ ಮಾಡಲಿಲ್ಲ. ಅದೇ ನನಗೆ ಮುಂದೆ ದೊಡ್ಡ ಆಧಾರವಾಯಿತು.

ಮುಖದ ಹಲಗೆಗೆ ಹಗುರವಾದ, ನೇರ ಎಳೆಯ ಕಟ್ಟಿಗೆ ಬೇಕು ಎಂದು ನಕ್ಷೆ ಹೇಳುತ್ತಿತ್ತು. ಸಕ್ಕರೆ ಕಾರ್ಖಾನೆಗೆ ಹೊರದೇಶದಿಂದ ಮಷಿನ್ ಬಂದಾಗ ಅದರ ಸುತ್ತ ಪೈನ್ ಕಟ್ಟಿಗೆಯ ಪೆಟ್ಟಿಗೆ ಇರುತ್ತದೆ, ಪೆಟ್ಟಿಗೆ ಒಡೆದು ಗುಜರಿಗೆ ಹಾಕುತ್ತಾರೆ. ಅದರಲ್ಲಿ ಗಂಟಿಲ್ಲದ ಎರಡು ಹಲಗೆ ಆರಿಸಿದೆ. ಉದ್ದಕ್ಕೆ ಸೀಳಿ, ಪುಸ್ತಕ ತೆರೆದಂತೆ ಎರಡು ಮಗ್ಗುಲು ಜೋಡಿಸಿ, ರಂದಾ ಹೊಡೆದು ಹೊಡೆದು ಮೂರು ಮಿಲಿಮೀಟರಿಗೆ ಇಳಿಸಿದೆ. ಬೆಳಕಿಗೆ ಹಿಡಿದರೆ ಹಲಗೆ ಕೆಂಪಗೆ ಕಾಣುತ್ತಿತ್ತು. ಜೀವನದಲ್ಲಿ ಅಷ್ಟು ತೆಳ್ಳಗಿನ ಹಲಗೆಯನ್ನು ನಾನು ಬೇಕೆಂದು ಮಾಡಿದವನಲ್ಲ. ಹೆದರಿಕೆಯಾಯಿತು.

ಹೆದರಿದ ಬಡಿಗ ಏನು ಮಾಡುತ್ತಾನೆ? ಹಿಂದಿನಿಂದ ಪಟ್ಟಿ ಬಡಿಯುತ್ತಾನೆ. ಮುಖದ ಹಲಗೆಯ ಒಳಗೆ ಆಧಾರಕ್ಕೆ ಪಟ್ಟಿಗಳನ್ನು ಅಂಟಿಸಬೇಕು ಎಂಬುದು ನಿಜ. ತಂತಿಗಳೆಲ್ಲ ಸೇರಿ ಎಳೆಯುವ ಭಾರ ಒಬ್ಬ ಆಳಿನಷ್ಟು ಇರುತ್ತದೆಯಂತೆ. ನಕ್ಷೆಯಲ್ಲಿ ಎರಡು ಪಟ್ಟಿಗಳು ಕತ್ತರಿಯಂತೆ ಒಂದರ ಮೇಲೊಂದು ಹಾಯ್ದಿದ್ದವು, ಸುತ್ತಲೂ ನಾಲ್ಕೈದು ಸಣ್ಣವು. ಎಲ್ಲವೂ ತುದಿಗೆ ಹೋಗುತ್ತ ಇಲಿಯ ಬಾಲದಂತೆ ಸಣ್ಣಗಾಗಿದ್ದವು. ನನಗೆ ಅದು ಯಾರೋ ಕಟ್ಟಿಗೆ ಉಳಿಸಲು ಮಾಡಿದ ಕಂಜೂಸ್ ಕೆಲಸವೆನಿಸಿತು. ದನದ ಕೊಟ್ಟಿಗೆಯ ಬಾಗಿಲಿಗೆ ಹಿಂದೆ ಹಾಕುವಂತೆ ನಾಲ್ಕು ಅಡ್ಡಪಟ್ಟಿ, ಮೂಲೆಯಿಂದ ಮೂಲೆಗೆ ಒಂದು ಓರೆಪಟ್ಟಿ ಕೂರಿಸಿದೆ. ಬಿಳಿ ಅಂಟು ಹಚ್ಚಿ, ಸೈಕಲ್ ಟ್ಯೂಬಿನಿಂದ ಬಿಗಿದು, ಮೇಲೆ ಕಲ್ಲು ಹೇರಿದೆ. ಮರುದಿನ ಅದರ ಮೇಲೆ ನಿಂತು ನೋಡಿದೆ. ಏನೂ ಆಗಲಿಲ್ಲ. ಅವ್ವನನ್ನೂ ಕರೆದು ನಿಲ್ಲಿಸಿದೆ.

ತಂಗಿ ಬಂದವಳು ಹಲಗೆಯನ್ನು ಎತ್ತಿ ಕಿವಿಯ ಹತ್ತಿರ ಹಿಡಿದು, ಬೆರಳು ಮಡಚಿ ತಟ್ಟಿದಳು. ಟಕ್, ಟಕ್.

"ಇನ್ನೊಂದ ಸಲ ಬಡದ್ರ ಒಳಗಿಂದ ಯಾರವರ ಅಂತ ಕೇಳ್ತಾರ ನೋಡ," ಎಂದಳು.

"ಗಟ್ಟಿ ಐತಿ ಬೇ. ಅವ್ವ ನಿಂತಾಳ ಅದರ ಮ್ಯಾಲ."

"ಅವ್ವ ಯಾಕ ನಿಲ್ಲಬೇಕ ಗಿಟಾರ ಮ್ಯಾಲ? ಇದು ನಡಗಬೇಕಣ್ಣಾ. ತಂತಿ ನಡಗಿದ್ರ ಹಲಗಿ ನಡಗಬೇಕು. ನೀ ಕೈಕಾಲ ಕಟ್ಟಿ ಕೆಡವಿದಂಗ ಕೆಡವೀದಿ."

ಅವ್ವ ಒಲೆಯ ಮುಂದಿನಿಂದಲೇ, "ಖರೆ ಐತಿ. ನಾ ನಿಂತಾಗ ಒಂದೀಟೂ ಅಳ್ಳಾಡಲಿಲ್ಲ," ಎಂದು ಮಗಳ ಕಡೆಗೆ ಸಾಕ್ಷಿ ಹೇಳಿದಳು.

ಎಲ್ಲ ಪಟ್ಟಿಗಳನ್ನೂ ಉಳಿಯಿಂದ ಎಬ್ಬಿಸಿ ತೆಗೆದೆ. ನಕ್ಷೆಯಂತೆ ಕತ್ತರಿ ಪಟ್ಟಿ ಕೂರಿಸಿದೆ. ಆಮೇಲೆ ತಂಗಿ ತಟ್ಟುವುದು, ನಾನು ಕೆತ್ತುವುದು. ಪಟ್ಟಿಯ ತುದಿಯಿಂದ ಒಂದು ಚೂರು ಸಿಪ್ಪೆ ತೆಗೆದರೆ ತಟ್ಟಿದ ಸದ್ದು ಒಂದು ಎಳೆ ಉದ್ದವಾಗುತ್ತಿತ್ತು. ಮೊದಲು ನನಗೆ ಕೇಳಿಸುತ್ತಿರಲಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದೆ. ಮಧ್ಯಾಹ್ನದ ಹೊತ್ತಿಗೆ ಕೇಳಿಸತೊಡಗಿತು. ಟಕ್ ಎನ್ನುತ್ತಿದ್ದದ್ದು ಡುಮ್ ಎಂದಿತು, ಆಮೇಲೆ ಡೂಂ ಎಂದು ಸ್ವಲ್ಪ ಹೊತ್ತು ನಿಂತಿತು. "ಸಾಕು, ಕೈ ತಗಿ," ಎಂದು ತಂಗಿ ನನ್ನ ಮುಂಗೈ ಹಿಡಿದಳು. ನನ್ನ ಶೆಡ್ಡಿನಲ್ಲಿ ಯಾರೂ ನನ್ನ ಕೈ ಹಿಡಿದು ನಿಲ್ಲಿಸಿದ್ದಿಲ್ಲ. ಸದ್ದು ಚೆನ್ನಾಗಿತ್ತು ಎಂಬುದಕ್ಕಿಂತ ಅದು ನನ್ನ ಮನಸ್ಸಿನಲ್ಲಿ ಹೆಚ್ಚು ಉಳಿಯಿತು.

ಹಾಗಾಗಿ ಕುತ್ತಿಗೆಯ ಕೆಲಸಕ್ಕೆ ಅವಳನ್ನು ಹತ್ತಿರ ಬಿಡಬಾರದು ಎಂದುಕೊಂಡೆ.

ಮೊದಲ ಕುತ್ತಿಗೆ ಜಾಲಿಯದು. ಕೊಡಲಿ, ಗುದ್ದಲಿ, ಸುತ್ತಿಗೆ, ನಮ್ಮಲ್ಲಿ ಯಾವುದರ ಕಾವಿಗಾದರೂ ಜಾಲಿಯೇ. ಮುಗಿಸಿ ಡಬ್ಬಿಗೆ ತಾತ್ಕಾಲಿಕವಾಗಿ ಕೂರಿಸಿದೆ. ತಂಗಿ ತೊಡೆಯ ಮೇಲಿಟ್ಟುಕೊಂಡು ಎಡಗೈ ಬಿಟ್ಟಳು. ಗಿಟಾರಿನ ತಲೆ ಸೀದಾ ನೆಲಕ್ಕೆ ಹೋಯಿತು.

"ಇದಕ್ಕ ನೀರಡಿಕಿ ಆಗೇತಿ," ಎಂದಳು. "ಬಿಟ್ಟ ಕೂಡಲೆ ಎತ್ತಿನಂಗ ಮೂಗ ಬಗ್ಗಸ್ತೈತಿ."

ಎರಡನೆಯದು ಮಾವಿನದು. ಹಗುರ, ಕೈಗೆ ಮೆತ್ತಗೆ. ತಂತಿಯ ಎಳೆತ ತಡೆಯುತ್ತದೆಯೋ ನೋಡಬೇಕಲ್ಲ, ಬುಡವನ್ನು ಬೆಂಚಿಗೆ ಬಿಗಿದು ತುದಿಗೆ ತುಂಬಿದ ನೀರಿನ ಬಕೆಟ್ಟು ತೂಗುಬಿಟ್ಟೆ. ಮರುದಿನ ಬಕೆಟ್ಟು ನೆಲ ಮುಟ್ಟಿತ್ತು. ಬಕೆಟ್ಟು ತೆಗೆದರೂ ಕುತ್ತಿಗೆ ಸೌತೆಕಾಯಿಯ ಹಾಗೆ ಬಾಗಿಯೇ ಇತ್ತು. ಅವ್ವ ಅದನ್ನು ಒಲೆಗೆ ಒಯ್ದಳು.

ಮೂರನೆಯದಕ್ಕೆ, ಕೆಡವಿದ ಹಳೆಯ ಮನೆಯೊಂದರ ಬಾಗಿಲ ಚೌಕಟ್ಟಿನ ನಿಲುವುಗಂಬ ಸಿಕ್ಕಿತು. ಸಾಗವಾನಿ. ಎಷ್ಟೋ ಬೇಸಿಗೆ ಮಳೆಗಾಲ ಕಂಡು ಬಾಗುವಷ್ಟು ಬಾಗಿ ಮುಗಿದಿತ್ತು, ಇನ್ನು ಬಾಗುವ ಮನಸ್ಸು ಅದಕ್ಕಿರಲಿಲ್ಲ. ಅದರ ನಡುವಿನ ಎಳೆ ನೇರವಾಗಿದ್ದ ಭಾಗವನ್ನಷ್ಟೇ ತೆಗೆದೆ. ಬೆನ್ನುದ್ದ ಕಾಲುವೆ ತೋಡಿ, ವೆಲ್ಡಿಂಗ್ ಅಂಗಡಿಯಿಂದ ತಂದ ಚೌಕ ಕಬ್ಬಿಣದ ಸಣ್ಣ ಪೈಪನ್ನು ಒಳಗೆ ಹುದುಗಿಸಿದೆ. ಬಕೆಟ್ಟು ತೂಗಿದೆ. ಕುತ್ತಿಗೆ ಅಲ್ಲಾಡಲಿಲ್ಲ. ತಲೆಯನ್ನು ಕೆತ್ತಿ, ತಂತಿ ತಿರುವುವ ಕಿವಿಗಳಿಗೆ ತೂತು ಕೊರೆದೆ. ಅಷ್ಟರಲ್ಲಿ ಡಬ್ಬಿಯನ್ನೂ ಮುಚ್ಚಿ ಅಂಟಿಸಿ ಆಗಿತ್ತು. ಕುತ್ತಿಗೆಯ ಬುಡವನ್ನು ಅಳತೆಗೆ ಕತ್ತರಿಸಿ ಡಬ್ಬಿಗೆ ಕೂರಿಸುವುದೊಂದೇ ಬಾಕಿ.

ಆ ದಿನ ಅಥಣಿ ಕಡೆಯ ದ್ರಾಕ್ಷಿ ತೋಟದ ಸಾವಕಾರರು ಬಂದರು. ಅವರ ಹೊಸ ಮನೆಯ ಬಾಗಿಲ ಚೌಕಟ್ಟು ನನ್ನ ಬಳಿ ಇತ್ತು. ಗಿಟಾರಿನ ಗದ್ದಲದಲ್ಲಿ ಅದು ಮೂಲೆ ಸೇರಿತ್ತು.

"ಏನೋ ಇದು, ನನ್ನ ಚೌಕಟ್ಟ ಬಿಟ್ಟು ಆಟಿಗಿ ಸಾಮಾನ ಮಾಡಾಕತ್ತಿ?"

"ಆಟಿಗಿ ಅಲ್ರಿ ಸಾವಕಾರ್ರ, ಗಿಟಾರ್ ರಿ. ತಂಗೀಗಿ."

ಅವರು ಡಬ್ಬಿಯ ಪಕ್ಕದಲ್ಲಿ ಕುತ್ತಿಗೆಯನ್ನಿಟ್ಟು, ದೂರ ಸರಿದು, ಕಣ್ಣು ಸಣ್ಣ ಮಾಡಿ ನೋಡಿದರು. "ಚಲೋ ಐತಿ. ಆಯಾ ಯಾವುದ ಇಟ್ಟಿ?"

ನನ್ನ ಕೈಯಲ್ಲಿದ್ದ ಗರಗಸ ನಿಂತಿತು. ನಮ್ಮ ಕಸುಬಿನಲ್ಲಿ ಬಾಗಿಲು, ಕಿಟಕಿ, ಮಂಚ ಯಾವುದಕ್ಕೇ ಆಗಲಿ ಆಯ ನೋಡಿಯೇ ಅಳತೆ ಇಡುತ್ತೇವೆ. ಉದ್ದವನ್ನು ಎಂಟರಿಂದ ಭಾಗಿಸಬೇಕು. ಒಂದು ಉಳಿದರೆ ಧ್ವಜ, ಮೂರು ಉಳಿದರೆ ಸಿಂಹ, ಐದಕ್ಕೆ ಎತ್ತು, ಏಳಕ್ಕೆ ಆನೆ. ಇವು ಒಳ್ಳೆಯವು. ನಡುವೆ ನಾಯಿ, ಕತ್ತೆ ಇವೆಲ್ಲ ಬರುತ್ತವೆ, ಅವು ಬಂದರೆ ಒಂದು ಬೆರಳು ಕೂಡಿಸಿಯೋ ಕಳೆದೋ ದಾಟಿಕೊಳ್ಳುತ್ತೇವೆ. ಗಿಟಾರಿಗೆ ಆಯ ನೋಡುವುದು ನನಗೆ ಹೊಳೆದೇ ಇರಲಿಲ್ಲ. ನಾಚಿಕೆಯಿಂದ ಟೇಪು ಹಿಡಿದೆ.

"ನಾಲ್ವತ್ತ ಇಂಚ ಆಗತೈತ್ರಿ."

"ಎಂಟೈದ್ಲಾ ನಾಲ್ವತ್ತ. ಉಳಿದದ್ದು?"

"ಏನೂ ಉಳಿಯೂದಿಲ್ರಿ."

"ಏನೂ ಉಳೀಲಿಲ್ಲಂದ್ರ ಕಾಗಿ!" ಸಾವಕಾರರು ತೊಡೆ ತಟ್ಟಿದರು. "ಹಾಡೂ ಸಾಮಾನಕ್ಕ ಕಾಗಿ ಆಯಾ ಇಟ್ಟಿಯಲ್ಲೋ ಮಾರಾಯಾ! ನಿನ್ನ ತಂಗಿ ನುಡಸಾಕ ಕುಂತ್ರ ಕಾಗಿ ಎಲ್ಲಾ ಬಂದು ಕುಂದರ್ತಾವ ಅಂಗಳದಾಗ. ನನ್ನ ಚೌಕಟ್ಟಿಗೂ ಹಿಂಗ ಮಾಡೀಯೇನ್ ಮತ್ತ?"

ಚೌಕಟ್ಟಿನ ಆಯವನ್ನು ಮೂರು ಸಲ ಅಳೆದು ತೋರಿಸಿದ ಮೇಲೆ ಅವರು ಹೋದರು. ನಾನು ಗಿಟಾರಿನ ಮುಂದೆ ಕೂತೆ. ನಲವತ್ತಕ್ಕೆ ಒಂದು ಇಂಚು ಕೂಡಿಸಿದರೆ ನಲವತ್ತೊಂದು. ಒಂದು ಉಳಿಯುತ್ತದೆ. ಧ್ವಜ, ಎಲ್ಲಕ್ಕಿಂತ ಮೇಲಿನದು. ತಲೆ ಕೆತ್ತಿ ಮುಗಿದಿದೆ, ಡಬ್ಬಿ ಮುಚ್ಚಿದೆ. ಇನ್ನೂ ಕತ್ತರಿಸದೆ ಉಳಿದದ್ದು ಕುತ್ತಿಗೆಯ ಬುಡ ಮಾತ್ರ. ಅಲ್ಲಿಯೇ ಒಂದು ಇಂಚು ಹೆಚ್ಚಿಗೆ ಬಿಟ್ಟು ಕತ್ತರಿಸಿದೆ. ಗೆರೆಯ ಪಟ್ಟಿಯನ್ನು ತಲೆಯ ಕಡೆಯಿಂದ ಅಂಟಿಸಿಕೊಂಡು ಬಂದು, ಫ್ರೆಟ್ಟುಗಳನ್ನು ನಕ್ಷೆಯಲ್ಲಿದ್ದಂತೆಯೇ ಕೂರಿಸಿದೆ. ಎಳ್ಳಷ್ಟೂ ತಪ್ಪಿಲ್ಲ. ಕೊನೆಗೆ ಡಬ್ಬಿಯ ಹತ್ತಿರ ಒಂದು ಇಂಚು ಬರೀ ಕಟ್ಟಿಗೆ ಉಳಿಯಿತು, ಅಷ್ಟೆ. ಚೌಕಟ್ಟಿನ ಮೂಲೆಗೆ ಮಾಡುವಂತೆ ಬುಡದಲ್ಲಿ ನಾಲಿಗೆ ತೆಗೆದು, ಡಬ್ಬಿಯಲ್ಲಿ ಗೂಡು ಕೊರೆದು, ಎರಡಕ್ಕೂ ಅಡ್ಡಲಾಗಿ ಬಿದಿರಿನ ಗೂಟ ಹೊಡೆದೆ. ತಂಗಿಗೆ ಹೇಳಲಿಲ್ಲ. ಹೇಳಿದರೆ ನಗುತ್ತಾಳೆ, ಮತ್ತೆ ಕೈ ಹಿಡಿಯುತ್ತಾಳೆ.

ತಂತಿ ಬಿಗಿದ ದಿನ ಓಣಿಯ ಜನ ಬಂದಿದ್ದರು. ತಂಗಿ ತಲೆಯ ಹತ್ತಿರದ ಮೊದಲ ಎರಡು ಮೂರು ಮನೆಗಳಲ್ಲಿ, ಅಂದರೆ ಫ್ರೆಟ್ಟುಗಳ ನಡುವಿನ ಜಾಗದಲ್ಲಿ, ಬೆರಳಿಟ್ಟು ನುಡಿಸಿದಳು. ದನಿ ತುಂಬಿಕೊಂಡು ಹೊರಬಂತು. ಅವ್ವ, "ಇಷ್ಟ ವರ್ಷ ಬಾಯಿಲ್ಲದ ಸಾಮಾನ ಮಾಡಿದಿ, ಇದೊಂದು ಮಾತಾಡ್ತು ನೋಡಪಾ," ಎಂದಳು. ಆ ವಾರ ರಾಯಬಾಗದ ಪೇಟೆಗೆ ನಾನು ಮೂರು ಸಲ ಹೋದೆ. ತರುವುದೇನೂ ಇರಲಿಲ್ಲ. ಯಾರಾದರೂ ಗಿಟಾರಿನ ಮಾತು ಎತ್ತುತ್ತಾರೇನೋ ಎಂದು ಹೋದೆ.

ತೊಂದರೆ ಶುರುವಾದದ್ದು ಅವಳ ಬೆರಳು ಕುತ್ತಿಗೆಯುದ್ದ ಕೆಳಗೆ ಇಳಿದಂತೆ. ಸಣ್ಣ ಮಕ್ಕಳ ದನಿ ಎತ್ತರದಲ್ಲಿರುತ್ತದೆ, ಅದಕ್ಕೆ ಸರಿಯಾಗಿ ನುಡಿಸಬೇಕಾದರೆ ಬೆರಳು ಡಬ್ಬಿಯ ಕಡೆಗೆ ಬರಬೇಕು. ಐದನೆಯ ಮನೆಗೆ ಬಂದರೆ ಸ್ವರ ಸ್ವಲ್ಪ ಇಳಿದಂತೆ, ಏಳಕ್ಕೆ ಇನ್ನಷ್ಟು. ಹನ್ನೆರಡಕ್ಕೆ ಬಂದರೆ ಹಾಡು ಬೇರೆ, ಗಿಟಾರು ಬೇರೆ. ನಿಪ್ಪಾಣಿಯಲ್ಲಿ ಅವಳು ಹಾಡು ಕಲಿಯಲು ಹೋಗುತ್ತಿದ್ದ ಹಾರ್ಮೋನಿಯಂ ಮಾಸ್ತರರು ತಮ್ಮ ಪೆಟ್ಟಿಗೆಯ ಸ್ವರ ಹಿಡಿದು, ಇದಕ್ಕೆ ಸೇರಿಸು ಎಂದರು. ಸೇರಲಿಲ್ಲ. ಗಿಟಾರಿನ ಬಗ್ಗೆ ಅವರಿಗೆ ಏನೂ ಗೊತ್ತಿರಲಿಲ್ಲ. ಅರ್ಧ ಮರಾಠಿ, ಅರ್ಧ ಕನ್ನಡದಲ್ಲಿ ತೀರ್ಪು ಕೊಟ್ಟರು: "ಕಾನ ಅಜೂನ ತಯಾರ ನಾಹೀ ತಂಗಿ. ಕಿವಿ ಇನ್ನೂ ಹಸೀ ಐತಿ."

ತಂಗಿ ಮನೆಗೆ ಬಂದು ಮೊದಲು ಕೇಳಿದ್ದು ನನ್ನನ್ನೇ. "ಅಣ್ಣಾ, ಅಳತಿ ಬರೋಬ್ಬರಿ ಐತಲ್ಲಾ?"

"ಬಡಿಗ್ಯಾಗ ಕೇಳೂ ಮಾತೇನ್ ಬೇ ಇದು? ನಿನ್ನ ಪಟ್ಟಿ ತಂದು ಮ್ಯಾಲ ಇಟ್ಟು ನೋಡ."

ಇಟ್ಟು ನೋಡಿದಳು. ಗೆರೆಗೆ ಗೆರೆ ಸೇರಿತು. ಆಗ ನಾನು ಸುಳ್ಳು ಹೇಳಿರಲಿಲ್ಲ. ನನಗೂ ಗೊತ್ತಿರಲಿಲ್ಲ.

ಎರಡು ಮೂರು ದಿನದ ಮೇಲೆ ಅವಳು ಅವ್ವನಿಗೆ ಹೇಳುತ್ತಿದ್ದಳು, ಹನ್ನೆರಡನೆಯ ಗೆರೆ ಎಂದರೆ ತಂತಿಯ ಬರೋಬ್ಬರಿ ನಡು, ಅಲ್ಲಿ ಒತ್ತಿದರೆ ಅದೇ ಸ್ವರ ಮೇಲಿನ ಸಪ್ತಕದಲ್ಲಿ ಬರಬೇಕು, ನನ್ನ ಕಿವಿಗೆ ಅದೂ ಇಳಿದೇ ಕೇಳಿಸುತ್ತದೆ ಅಂದರೆ ನೋಡು ಎಂದು. ನಾನು ಚೌಕಟ್ಟಿಗೆ ರಂದಾ ಹೊಡೆಯುತ್ತಿದ್ದೆ. ಬರೋಬ್ಬರಿ ನಡು ಎಂಬ ಮಾತು ಕಿವಿಗೆ ಬಿತ್ತು. ಅವಳು ನೀರಿಗೆ ಹೋದಾಗ ಟೇಪು ತೆಗೆದುಕೊಂಡು ಒಳಗೆ ಹೋದೆ. ತಲೆಯ ಹತ್ತಿರದ ಎಲುಬಿನ ಪಟ್ಟಿಯಿಂದ ಹನ್ನೆರಡನೆಯ ಗೆರೆಗೆ ಅಳೆದೆ. ಅಲ್ಲಿಂದ, ಡಬ್ಬಿಯ ಮೇಲೆ ತಂತಿ ಹಾಯುವ ಕುದುರೆಗೆ ಅಳೆದೆ. ಎರಡನೆಯದು ಒಂದು ಇಂಚು ಹೆಚ್ಚು.

ಧ್ವಜದ ಇಂಚು.

ಹೊರಗೆ ಬಂದು ಮತ್ತೆ ರಂದಾ ಹಿಡಿದೆ. ಅವಳು ನೀರು ತಂದಿಟ್ಟು, "ಮತ್ತ ಅಳದಿಯೇನ್? ಟೇಪ ಹೊರಗ ಬಿದ್ದೈತಿ," ಎಂದಳು.

"ನೋಡೀನಿ. ಸರಿ ಐತಿ. ನೀ ಬೆರಳ ಗಟ್ಟಿ ಒತ್ತವಲ್ಲಿ. ಗಟ್ಟಿ ಒತ್ತ."

ಇದೇ ನಾನು ಬರೆಯಲು ಕೂತ ತಪ್ಪು. ಯಾಕೆ ಹಾಗೆ ಅಂದೆ ಎಂದು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಡಬ್ಬಿಯೊಳಗಿನ ಪಟ್ಟಿಗಳ ವಿಷಯದಲ್ಲಿ ಒಮ್ಮೆ ಸೋತಿದ್ದೆ, ಮತ್ತೆ ಸೋಲಬಾರದು ಎಂಬುದು ಒಂದು. ಪೇಟೆಯಲ್ಲಿ ಎದೆ ಉಬ್ಬಿಸಿ ಬಂದಿದ್ದೆ, ಅದೊಂದು. ಆದರೆ ಅದರ ಕೆಳಗೆ ಇನ್ನೊಂದಿತ್ತು. ಚಿಕ್ಕಂದಿನಿಂದ ನನ್ನ ಲೆಕ್ಕ, ನನ್ನ ಅಕ್ಷರ, ನನ್ನ ಮಾತು ಎಲ್ಲವನ್ನೂ ತಿದ್ದುತ್ತ ಬಂದವಳು ಒಮ್ಮೆಯಾದರೂ ತನಗೆ ಗೊತ್ತಿಲ್ಲ ಎಂದು ಕೂತಿದ್ದಾಳಲ್ಲ, ಅದು ನೋಡಲು ಹಿತವಾಗಿತ್ತು.

ಇನ್ನೊಂದು ಕೆಟ್ಟದ್ದೆಂದರೆ ನನ್ನ ಸುಳ್ಳು ಕೆಲಸ ಮಾಡಿತು. ತಂತಿಯನ್ನು ಜೋರಾಗಿ ಒತ್ತಿದರೆ ಅದು ಬಿಗಿಯಾಗಿ ಸ್ವರ ಒಂದಿಷ್ಟು ಏರುತ್ತದೆ. ಅವಳು ಮೊಬೈಲಿನಲ್ಲಿ ಸ್ವರ ತೋರಿಸುವ ಮುಳ್ಳನ್ನು ಮುಂದಿಟ್ಟುಕೊಂಡು ಹಲ್ಲು ಕಚ್ಚಿ ಒತ್ತುವಳು, ಮುಳ್ಳು ಸ್ವಲ್ಪ ನಡುವಿಗೆ ಸರಿಯುವುದು. "ನೀ ಹೇಳಿದ್ದ ಖರೆ ಅಣ್ಣಾ, ಒತ್ತಿದ್ರ ಬರ್ತೈತಿ," ಎಂದು ಇನ್ನೂ ಒತ್ತುವಳು. ಮುಳ್ಳು ಪೂರ್ತಿ ನಡುವಿಗೆ ಬರದಿದ್ದರೆ, ಎಷ್ಟು ಒತ್ತಬೇಕು ಎಂಬುದೂ ತನ್ನ ಕಿವಿಗೆ ತಿಳಿಯುತ್ತಿಲ್ಲ ಎಂದುಕೊಳ್ಳುವಳು. ಬೆರಳ ತುದಿಯಲ್ಲಿ ಗುಳ್ಳೆ ಎದ್ದವು. ಅವ್ವ ತುಪ್ಪ ಹಚ್ಚಿದಳು. ತುಪ್ಪ ಹಚ್ಚಿದ ಬೆರಳು ತಂತಿಯಿಂದ ಜಾರಿ, ಅವಳಿಂದ ಅವ್ವನಿಗೆ ಬೈಗುಳ. ನಾನು ಆ ವಾರ ಸಾವಕಾರರ ಚೌಕಟ್ಟನ್ನು ಎಂದೂ ಮಾಡದಷ್ಟು ಚಂದ ಮಾಡಿದೆ. ತಲೆ ಎತ್ತದೆ ಮಾಡಿದೆ.

ಶಾಲೆಯವರು ಬರಹೇಳಿದ ದಿನಕ್ಕೆ ಮೂರು ದಿನ ಮುಂಚೆ, ನಾನು ಮಧ್ಯಾಹ್ನ ರೊಟ್ಟಿಗೆ ಕೂತಿದ್ದೆ. ತಂಗಿ ಗಿಟಾರನ್ನು ಅವ್ವನ ಹಳೆಯ ಸೀರೆಯಲ್ಲಿ ಸುತ್ತಿ, ಸ್ಟೂಲು ಹಾಕಿಕೊಂಡು ಅಟ್ಟದ ಮೇಲೆ ಇಟ್ಟಳು.

"ಯಾಕಬೇ?" ಎಂದಳು ಅವ್ವ.

"ನಾ ಹೋಗೂದಿಲ್ಲ ನಿಪ್ಪಾಣಿಗೆ. ಕಿವಿ ಇಲ್ಲದಾಕಿ ಮಕ್ಕಳಿಗೆ ಏನ್ ಕಲಸ್ಲಿ? ತಪ್ಪ ಕಲಿಸಿದ್ರ ಆ ಕೂಸುಗೋಳ ಕಿವೀನೂ ಕೆಡತಾವ." ಅವಳ ದನಿಯಲ್ಲಿ ಅಳುವಿರಲಿಲ್ಲ, ಲೆಕ್ಕ ಮುಗಿಸಿದವರ ದನಿ. ನನ್ನ ಕಡೆ ತಿರುಗಿ, "ನೀ ಭಾಳ ಕಷ್ಟಪಟ್ಟಿ ಅಣ್ಣಾ. ಗಿಟಾರ ಚಲೋ ಮಾಡೀದಿ. ಸಿಟ್ಟ ಮಾಡ್ಕೋಬ್ಯಾಡ," ಎಂದಳು.

ಬೈದಿದ್ದರೆ ತಿಂದು ಏಳುತ್ತಿದ್ದೆ. ಕೈಯಲ್ಲಿದ್ದ ರೊಟ್ಟಿಯನ್ನು ತಾಟಿನಲ್ಲಿಟ್ಟೆ.

"ನಿನ್ನ ಕಿವಿ ಸರಿ ಐತಿ," ಎಂದೆ.

"ಇರ್ಲಿ ಬಿಡ."

"ಸರಿ ಐತಿ ಅಂದ್ನೆಲ್ಲಾ. ಗಿಟಾರ ಕುತ್ತಿಗಿ ಒಂದ ಇಂಚ ಉದ್ದ ಐತಿ. ನಾನ ಬಿಟ್ಟೀನಿ. ಬುಡದಾಗ. ಆಯಾ ಕಾಗಿ ಬರ್ತಿತ್ತು, ಧ್ವಜ ಮಾಡಿದೆ."

ಅವಳು ಸ್ಟೂಲಿನ ಮೇಲೆಯೇ ನಿಂತಿದ್ದಳು. "ಯಾವಾಗಿಂದ ಗೊತ್ತು ನಿನಗ?"

"ಮನ್ನಿ..."

"ಖರೆ ಹೇಳ."

"ನಿನಗ ಗಟ್ಟಿ ಒತ್ತ ಅಂದ್ನಿ ನೋಡ, ಅದಕ್ಕಿಂತ ಒಂದೀಟ ಮದಲ."

ಅವಳು ತನ್ನ ಬೆರಳ ತುದಿಗಳನ್ನು ನೋಡಿಕೊಂಡಳು. ಅವ್ವ ನನ್ನನ್ನು ನೋಡಿದಳು. ತಂಗಿ ಕೆಳಗಿಳಿದು ಬಂದು ನನ್ನ ಮುಂದಿನ ತಾಟನ್ನು ಎತ್ತಿ ಒಲೆಯ ಮೇಲಿಟ್ಟಳು.

"ಏಳ. ಈಗ ಏಳ. ಟೇಪ ತಗೊಂಡು ಬಾ."

ಸರಿ ಮಾಡಲು ದಾರಿ ಎರಡಿದ್ದವು. ಒಂದು, ಡಬ್ಬಿಯ ಮೇಲಿನ ಕುದುರೆಯನ್ನು ಕಿತ್ತು ಒಂದು ಇಂಚು ಮುಂದಕ್ಕೆ ಅಂಟಿಸುವುದು. ಸುಲಭ. ಆದರೆ ಒಳಗಿನ ಕತ್ತರಿ ಪಟ್ಟಿಯನ್ನು ಕೂರಿಸಿದ್ದೇ ಕುದುರೆ ಎಲ್ಲಿ ಕೂರುತ್ತದೋ ಆ ಜಾಗಕ್ಕೆ ಆಸರೆಯಾಗಲೆಂದು. ಕುದುರೆ ಸರಿದರೆ ಆಸರೆ ಒಂದು ಕಡೆ, ಎಳೆತ ಒಂದು ಕಡೆ, ಮುಖದ ಹಲಗೆ ಹೊಟ್ಟೆಯುಬ್ಬರ ಬಂದಂತೆ ಉಬ್ಬುತ್ತದೆ. ಇನ್ನೊಂದು, ಕುತ್ತಿಗೆಯನ್ನೇ ಬಿಚ್ಚಿ ಬುಡದ ಇಂಚನ್ನು ಕತ್ತರಿಸುವುದು. ತಪ್ಪಿದರೆ ಕುತ್ತಿಗೆಯೂ ಹೋಯಿತು, ಡಬ್ಬಿಯೂ ಹೋಯಿತು. ಉಳಿದದ್ದು ಮೂರೇ ದಿನ.

"ಕುದುರಿ ಸರಸೂದು ಬ್ಯಾಡ," ಎಂದೆ. "ಕತ್ತರಸೂಣು."

"ಕತ್ತರಸ. ಆದ್ರ ನಾ ಇಲ್ಲೇ ಕುಂದರಾಕಿ."

ಕುಳಿತಳು. ತಂತಿ ಇಳಿಸಿ, ಬಿದಿರಿನ ಗೂಟವನ್ನು ಸಣ್ಣ ಸುತ್ತಿಗೆಯಿಂದ ತಟ್ಟಿ ಹಿಂದಕ್ಕೆ ಹೊರಡಿಸಿದೆ. ಫ್ರೆಟ್ಟುಗಳಿರುವ ಕುತ್ತಿಗೆಯ ಮೇಲುಪಟ್ಟಿ ಡಬ್ಬಿಗೆ ಅಂಟಿದ್ದಲ್ಲಿ ಒದ್ದೆ ಬಟ್ಟೆಯ ಮೇಲೆ ಇಸ್ತ್ರಿ ಇಟ್ಟು ಅಂಟನ್ನು ಮೆತ್ತಗೆ ಮಾಡಿ, ಅವ್ವನ ದೋಸೆ ಮಗುಚುವ ಸಟ್ಟುಗದಿಂದ ಎಬ್ಬಿಸಿದೆ. ಕುತ್ತಿಗೆ ಕೈಗೆ ಬಂತು. ಗರಗಸ ಇಡುವ ಮೊದಲು ಕೈ ನಿಂತಿತು. ಈಗ ಕತ್ತರಿಸಿದರೆ ಮತ್ತೆ ನಲವತ್ತು. ಮತ್ತೆ ಕಾಗೆ. ನಗಬೇಡಿ. ನಾನು ಇಟ್ಟ ಯಾವ ಬಾಗಿಲೂ ಕೆಟ್ಟ ಆಯದಲ್ಲಿಲ್ಲ. ತಂಗಿಯ ಕೈಗೆ, ಅದೂ ಅವಳು ಹೊಸ ಕೆಲಸಕ್ಕೆ ಹೊರಟಾಗ, ಗೊತ್ತಿದ್ದೂ ಕಾಗೆ ಕೊಡುವುದೆಂದರೆ ಮನಸ್ಸು ಒಪ್ಪಲಿಲ್ಲ.

ಅವಳಿಗೆ ತಿಳಿಯಿತು. "ಆಯಾದ ಚಿಂತಿಯೇನ್?"

"ಹೂಂ."

"ಒಂದ ಇಂಚ ಬೇಕಂದ್ರ ತಲಿ ಮ್ಯಾಲ ಹಚ್ಚಬೇಕಿತ್ತಲ್ಲಾ. ತಲಿ ಎಷ್ಟ ಉದ್ದ ಇದ್ರೂ ಸ್ವರಕ್ಕ ಸಂಬಂಧಿಲ್ಲ. ಒಂದ ಮಾತ ಕೇಳಿದ್ರ ಆಗತಿರಲಿಲ್ಲೇನ್?"

ಒಂದು ಮಾತು. ಒಂದು ತುಂಡು ಸಾಗವಾನಿ ಅಂಟಿಸಿ ಕೆತ್ತುವಷ್ಟರ ಕೆಲಸ. ನಾನು ತಲೆ ಬಗ್ಗಿಸಿ ಕತ್ತರಿಸಿದೆ.

ಬುಡವನ್ನು ಒಂದು ಇಂಚು ಹಿಂದಕ್ಕೆ ತೆಗೆದು ಹೊಸದಾಗಿ ನಾಲಿಗೆ ಬಿಡಿಸಿದೆ. ಮೊದಲ ಸಲ ಕೂರಿಸಿದಾಗ ಕುತ್ತಿಗೆ ಹಿಂದಕ್ಕೆ ಒಂದು ಕೂದಲೆಳೆ ಕಡಿಮೆ ವಾಲಿತು. ಅಷ್ಟಕ್ಕೇ ತಂತಿಗಳು ಬೆರಳಿಗೆ ಸಿಗದಷ್ಟು ಎತ್ತರದಲ್ಲಿ ನಿಂತವು. ಮತ್ತೆ ಬಿಚ್ಚಿದೆ, ಬುಡದ ಒಂದು ಮಗ್ಗುಲಿಗೆ ಕಾಗದದಷ್ಟು ತೆಳುವಾದ ಕಟ್ಟಿಗೆಯ ಚೂರು ಕೂರಿಸಿದೆ, ಮತ್ತೆ ಜೋಡಿಸಿದೆ. ಸರಿಯಿಲ್ಲ ಎಂದಳು. ಮತ್ತೆ ಬಿಚ್ಚಿದೆ. ಮೂರನೆಯ ಸಲ ಗೂಟ ಹೊಡೆದೆ. ತಲೆಗೆ ತುಂಡು ಹಚ್ಚಿ ದೀಪದ ಕುಡಿಯ ಆಕಾರಕ್ಕೆ ಕೆತ್ತಿದೆ. ನಡುವೆ ಸಾವಕಾರರು ಚೌಕಟ್ಟು ಒಯ್ಯಲು ಬಂದು, "ಧ್ವಜ ಆತೇನ್?" ಎಂದು ಕೇಳಿದರು. ತಂಗಿಯೇ ಉತ್ತರ ಕೊಟ್ಟಳು: "ಆತ್ರಿ ಕಾಕಾ. ಭಾಳ ತುಟ್ಟಿ ಬಿತ್ತು."

ಹೊರಡುವ ದಿನ ಬೆಳಿಗ್ಗೆ ತಂತಿ ಬಿಗಿದಳು. ನಾನು ಮೊಬೈಲಿನ ಮುಳ್ಳನ್ನು ಹಿಡಿದು ಮುಂದೆ ಕೂತೆ. ಐದನೆಯ ಮನೆ, ಮುಳ್ಳು ನಡುವೆ. ಏಳನೆಯದು, ನಡುವೆ. ಹನ್ನೆರಡಕ್ಕೆ ಬಂದಳು, ಮೆತ್ತಗೆ ಒತ್ತಿದಳು. ಮುಳ್ಳು ನಡುವೆಯೇ ನಿಂತಿತು. ನಾನು ಉಸಿರು ಬಿಟ್ಟೆ.

"ಈ ದಪ್ಪ ತಂತಿ ಒಂದೀಟ ಏರೈತಿ," ಎಂದಳು.

"ಎಲ್ಲೈತಿ? ಮುಳ್ಳ ನಡುವ ಐತಲ್ಲಾ."

"ಮುಳ್ಳ ಕೆಳಗ ಇಡ. ಏರೈತಿ."

ನಾನು ಟೇಪು ಹಿಡಿದು ಅಳೆದೆ. ಅತ್ತಲೂ ಇತ್ತಲೂ ಸಮ. ಇಂಚಿನಲ್ಲಿ ತಪ್ಪು ಹುಡುಕಿದರೆ ಸಿಗುವುದಿಲ್ಲ. ಅವಳು ಕಣ್ಣು ಮುಚ್ಚಿ ಇನ್ನೊಮ್ಮೆ ಮೀಟಿದಳು, ಮುಖ ಹುಳ್ಳಗೆ ಮಾಡಿದಳು. ನಾನು ಟೇಪು ಸುತ್ತಿಟ್ಟು, ತೇಯುವ ಅರ, ನಮ್ಮ ಕಾನಸು, ತೆಗೆದುಕೊಂಡು ಬಂದೆ. ಕುದುರೆಯ ಮೇಲೆ ಆ ತಂತಿ ಕೂರುವ ಎಲುಬಿನ ಅಂಚನ್ನು, ಅವಳು ಸಾಕು ಎನ್ನುವವರೆಗೆ, ಹಿಂದಕ್ಕೆ ತೇಯ್ದೆ. ಬಸ್ಸಿನ ಹೊತ್ತಾಗಿತ್ತು, ಅವಳು ಆತುರಪಡಲಿಲ್ಲ. ಕೊನೆಗೆ ಸಾಕು ಎಂದಳು.

ಸಂಜೆ ಅವಳು ಬಂದಾಗ ಅವ್ವ ಬಾಗಿಲಲ್ಲೇ ಕೂತಿದ್ದಳು. ನಾನು ಶೆಡ್ಡಿನೊಳಗೆ ಏನೋ ಕೆಲಸವಿರುವಂತೆ ನಿಂತಿದ್ದೆ.

"ಏನಂದ್ರ ಬೇ?"

"ಸೋಮಾರದಿಂದ ಬಾ ಅಂದಾರ."

ಅವ್ವ ಸಕ್ಕರೆ ತರಲು ಒಳಗೆ ಓಡಿದಳು. ತಂಗಿ ಚಪ್ಪಲಿ ಬಿಟ್ಟು, ನೀರು ಕುಡಿದು, ಕಂಬಕ್ಕೆ ಒರಗಿ ಕೂತಳು.

"ಗಿಟಾರ ನೋಡಿ ಕೇಳಿದ್ರು, ಯಾರ ಮಾಡಿದ್ದು, ದನಿ ಭಾಳ ಚಲೋ ಐತಿ ಅಂತ."

"ಏನಂದಿ?"

"ರಾಯಬಾಗದಾಗ ಒಬ್ಬ ಬಡಿಗ್ಯಾ ಅದಾನ್ರಿ, ಅವ ಮಾಡ್ಯಾನು ಅಂದ್ನಿ."

"ಅಣ್ಣ ಅನ್ನಲಿಲ್ಲೇನ್?"

ಅವಳು ಎಡಗೈ ಬಿಚ್ಚಿ ನೋಡಿಕೊಂಡಳು. ತುದಿಗಳಲ್ಲಿ ಚರ್ಮ ಸುಲಿಯುತ್ತಿತ್ತು.

"ಬೆರಳ ಮಾಯ್ಲಿ," ಎಂದಳು, "ಅಂತೀನಿ."